ತೆರಿಗೆ ಕಡಿತ: ಒಂದು ದಿನದ ಸುದ್ದಿ, ಹತ್ತು ವರ್ಷದ ಲೆಕ್ಕ

ಪ್ರಶ್ನೆ: ಯಾವ ದೇಶದ ಸರ್ಕಾರ ತೆರಿಗೆ ಇಳಿಸಿದರೂ ಸುದ್ದಿ ಎರಡೇ ಬಗೆಯಲ್ಲಿ ಬರುತ್ತದೆ. ಒಂದು ಕಡೆ ‘ಐತಿಹಾಸಿಕ’, ‘ಜನರ ಕೈಗೆ ಹಣ’ ಎಂಬ ಹೊಗಳಿಕೆ. ಇನ್ನೊಂದು ಕಡೆ ‘ಸಿರಿವಂತರಿಗೆ ಉಡುಗೊರೆ’, ‘ಬೊಕ್ಕಸಕ್ಕೆ ಕನ್ನ’ ಎಂಬ ತೆಗಳಿಕೆ. ಇಬ್ಬರೂ ಅಂಕಿ ಅಂಶ ಮುಂದಿಡುತ್ತಾರೆ, ಇಬ್ಬರ ಜೊತೆಗೂ ಅರ್ಥಶಾಸ್ತ್ರಜ್ಞರಿರುತ್ತಾರೆ. ಅಂದಮೇಲೆ ಒಬ್ಬರು ಸುಳ್ಳು ಹೇಳುತ್ತಿರಬೇಕಲ್ಲವೇ? ತೆರಿಗೆ ಇಳಿಸಿದರೆ ಸರ್ಕಾರದ ವರಮಾನ ಹೆಚ್ಚುತ್ತದೆ ಎಂಬ ಮಾತು ನಿಜವೇ? ಮಾಧ್ಯಮಗಳು ಪಕ್ಷ ವಹಿಸುತ್ತಿವೆಯೋ, ಅವಕ್ಕೇ ವಿಷಯ ಅರ್ಥವಾಗಿಲ್ಲವೋ? ಸಾಮಾನ್ಯ ಓದುಗರು ಏನನ್ನು ನೋಡಿ ನಿರ್ಧರಿಸಬೇಕು?

ಉತ್ತರ: ಮೊದಲು ಸುಳ್ಳಿನ ಮಾತು. ಬಹುಪಾಲು ಸಂದರ್ಭಗಳಲ್ಲಿ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಒಂದೇ ಲೆಕ್ಕದಿಂದ ತಮಗೆ ಅನುಕೂಲವಾದ ಸಾಲನ್ನು ಆರಿಸಿಕೊಂಡು ಓದುತ್ತಿರುತ್ತಾರೆ, ಅಷ್ಟೆ. ಮಾಧ್ಯಮಗಳ ವಿಷಯದಲ್ಲೂ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪಕ್ಷಪಾತ ಖಂಡಿತ ಇದೆ, ಆದರೆ ಓದುಗರಿಗೆ ಅದಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ಅವಸರ. ತೆರಿಗೆ ಕಡಿತದ ಫಲ ಗೊತ್ತಾಗಲು ಐದು, ಕೆಲವೊಮ್ಮೆ ಹತ್ತು ವರ್ಷ ಬೇಕು. ಸುದ್ದಿಮನೆ ಅದಕ್ಕೆ ಕೊಡುವುದು ಒಂದು ಸಂಜೆಯ ಚರ್ಚೆ ಮತ್ತು ಮರುದಿನದ ಮುಖಪುಟ. ಫಲಿತಾಂಶ ಬರುವ ಹೊತ್ತಿಗೆ ಅದನ್ನು ಕೇಳುವವರು ಯಾರೂ ಉಳಿದಿರುವುದಿಲ್ಲ. ಎರಡೂ ಪಕ್ಷಗಳ ರಾಜಕಾರಣಿಗಳಿಗೆ ಇದು ಚೆನ್ನಾಗಿ ಗೊತ್ತು.

ಒಂದೇ ಲೆಕ್ಕದಿಂದ ಬೇರೆ ಬೇರೆ ತಲೆಬರಹ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಭಾರತದ 2025ರ ಬಜೆಟ್ ಒಳ್ಳೆಯ ಉದಾಹರಣೆ. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಫೆಬ್ರುವರಿ 1ರಂದು ಪ್ರಕಟಿಸಿದರು. ಸೆಸ್ ಮತ್ತು ಸಂಬಳದಾರರ ಪ್ರಮಾಣಿತ ಕಡಿತವನ್ನು ಬದಿಗಿಟ್ಟು, ಅದೇ ಪದ್ಧತಿಯ ಹಿಂದಿನ ವರ್ಷದ ದರಗಳ ಜೊತೆ ಹೋಲಿಸಿ ನೋಡಿ. 8 ಲಕ್ಷ ಆದಾಯದವರಿಗೆ ಉಳಿಯುವುದು 30,000 ರೂಪಾಯಿ. 12 ಲಕ್ಷದವರಿಗೆ 80,000. 24 ಲಕ್ಷದವರಿಗೆ 1,10,000. 50 ಲಕ್ಷದವರಿಗೂ ಅದೇ 1,10,000. 7 ಲಕ್ಷದವರಿಗೆ ಏನೂ ಇಲ್ಲ, ಏಕೆಂದರೆ ಅವರು ಹಿಂದಿನ ವರ್ಷವೂ ತೆರಿಗೆ ಕಟ್ಟಬೇಕಿರಲಿಲ್ಲ. ರೂಪಾಯಿ ಎಣಿಸಿದರೆ ಹೆಚ್ಚು ಪಡೆದವರು 24 ಲಕ್ಷ ಮತ್ತು ಅದಕ್ಕಿಂತ ಮೇಲಿನವರು. ಆದಾಯದ ಶೇಕಡಾವಾರು ನೋಡಿದರೆ 12 ಲಕ್ಷದವರಿಗೆ ಶೇ 6.7ರಷ್ಟು, 50 ಲಕ್ಷದವರಿಗೆ ಶೇ 2.2ರಷ್ಟು ಮಾತ್ರ, ಅಲ್ಲಿಗೆ ಇದು ಮಧ್ಯಮ ವರ್ಗದ ಕಡಿತ. ದೇಶದ ಒಟ್ಟು ಜನಸಂಖ್ಯೆಯನ್ನು ಎದುರಿಗಿಟ್ಟುಕೊಂಡರೆ, ಆದಾಯ ತೆರಿಗೆಯ ಹತ್ತಿರಕ್ಕೂ ಬರದ ಬಹುಸಂಖ್ಯಾತರಿಗೆ ನೇರವಾಗಿ ಏನೂ ಸಿಗಲಿಲ್ಲ. ಮೂರು ತಲೆಬರಹಗಳಿಗೆ ಇಲ್ಲಿ ಸಾಮಗ್ರಿಯಿದೆ, ಮೂರೂ ನಿಜ.

ಸರಾಸರಿ ಎಂಬುದು ಇನ್ನೊಂದು ಬಲೆ. 2003ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಷಿಕಾಗೊದಲ್ಲಿ ಮಾತನಾಡುತ್ತ, ತಮ್ಮ ಯೋಜನೆಯಿಂದ 9.2 ಕೋಟಿ ಅಮೆರಿಕನ್ನರಿಗೆ ಆ ವರ್ಷ ಸರಾಸರಿ 1,083 ಡಾಲರ್ ಉಳಿಯುತ್ತದೆ ಎಂದರು. ಅಂಕಿ ಸರಿಯಾಗಿತ್ತು, ಪತ್ರಿಕೆಗಳೂ ಹಾಗೆಯೇ ಅಚ್ಚು ಮಾಡಿದವು. ಆದರೆ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ತಲಾ 200, ಹತ್ತನೆಯವರಿಗೆ 9,000 ಡಾಲರ್ ಉಳಿದರೂ ಸರಾಸರಿ 1,080 ಆಗುತ್ತದೆ. ‘ಸರಾಸರಿ ಉಳಿತಾಯ’ ಎಂದು ಓದಿದ ಕೂಡಲೇ ನಮ್ಮ ಮನಸ್ಸು ‘ನನ್ನಂಥವನ ಉಳಿತಾಯ’ ಎಂದು ಕೇಳಿಸಿಕೊಳ್ಳುತ್ತದೆ. ಹತ್ತು ಜನರನ್ನು ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಡುವೆ ನಿಂತವರಿಗೆ ಎಷ್ಟು ಸಿಗುತ್ತದೆ ಎಂದು ವರದಿಗಾರರು ಕೇಳಬೇಕು. ಆ ಅಂಕಿಯನ್ನು ಯಾವ ಸರ್ಕಾರವೂ ತಾನಾಗಿ ಕೊಡುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ, ಮತ್ತು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಯಾವುದಕ್ಕೆ ಹೋಲಿಸಿ? 2001ರ ಜೂನ್‌ನಲ್ಲಿ ಬುಷ್ ಸಹಿ ಹಾಕಿದ 1.35 ಲಕ್ಷ ಕೋಟಿ ಡಾಲರ್‌ಗಳ ತೆರಿಗೆ ಕಡಿತಕ್ಕೆ 2010ರ ಕೊನೆಯವರೆಗೆ ಮಾತ್ರ ಆಯುಷ್ಯವಿತ್ತು. ಸರಳ ಬಹುಮತದಿಂದ ಪಾಸಾಗುವ ಇಂಥ ಮಸೂದೆ ನಿಗದಿತ ಅವಧಿಯ ಆಚೆಗೆ ಕೊರತೆಯನ್ನು ಹೆಚ್ಚಿಸಬಾರದು ಎಂಬ ಸಂಸತ್ತಿನ ಮೇಲ್ಮನೆ ಸೆನೆಟ್‌ನ ನಿಯಮವೇ ಅದಕ್ಕೆ ಕಾರಣ. ಅವಧಿ ಹಾಕಿದ್ದರಿಂದ ಕಾಗದದ ಮೇಲೆ ವೆಚ್ಚ ಕಡಿಮೆ ಕಂಡಿತು. ಮುಗಿಯುವ ದಿನ ಹತ್ತಿರ ಬಂದಾಗ, ಕಾನೂನು ಹೇಳಿದಂತೆ ಹಳೆಯ ದರಕ್ಕೆ ಮರಳುವುದನ್ನೇ ‘ಭಾರೀ ತೆರಿಗೆ ಏರಿಕೆ’ ಎಂದು ಕರೆಯಲಾಯಿತು. ಬರಾಕ್ ಒಬಾಮ ಎರಡು ವರ್ಷ ಮುಂದೂಡಿದರು. ಕೊನೆಗೆ 2013ರ ಜನವರಿಯ ಮೊದಲ ವಾರ ಬಹುಪಾಲು ಕಡಿತಗಳು ಕಾಯಂ ಆದವು. ಒಂಟಿ ವ್ಯಕ್ತಿಗೆ 4 ಲಕ್ಷ ಡಾಲರ್, ದಂಪತಿಗೆ 4.5 ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಮಾತ್ರ ಶೇ 39.6ರ ಹಳೆಯ ದರ ಮರಳಿತು. ಈ ಕಾಯ್ದೆ ತೆರಿಗೆ ಇಳಿಸಿತೋ ಏರಿಸಿತೋ? ಅಂದು ಜಾರಿಯಲ್ಲಿದ್ದ ಕಾನೂನಿಗೆ ಹೋಲಿಸಿದರೆ ಅದು ದೊಡ್ಡ ಕಡಿತ, ಹಿಂದಿನ ವರ್ಷ ಜನ ಕಟ್ಟಿದ ತೆರಿಗೆಗೆ ಹೋಲಿಸಿದರೆ ಏರಿಕೆ.

ಹನ್ನೆರಡು ವರ್ಷಗಳ ಬಳಿಕ ಅದೇ ಆಟ ಇನ್ನೂ ದೊಡ್ಡದಾಗಿ ನಡೆಯಿತು. ಡೊನಾಲ್ಡ್ ಟ್ರಂಪ್ ಅವರ 2017ರ ಕಾಯ್ದೆಯಲ್ಲಿ ಕಂಪನಿ ತೆರಿಗೆಯನ್ನು ಶೇ 35ರಿಂದ ಶೇ 21ಕ್ಕೆ ಇಳಿಸಿದ್ದು ಶಾಶ್ವತವಾಗಿತ್ತು, ವ್ಯಕ್ತಿಗಳ ತೆರಿಗೆ ಕಡಿತ ಮಾತ್ರ 2025ರ ಕೊನೆಗೆ ಮುಗಿಯುವಂತಿತ್ತು. 2025ರ ಜುಲೈ 4ರಂದು ಸಹಿಯಾದ ಹೊಸ ಕಾಯ್ದೆ ಅದನ್ನು ಮುಂದುವರಿಸಿತು. ಹತ್ತು ವರ್ಷಗಳಲ್ಲಿ ಇದರಿಂದ ಕೊರತೆ 3.4 ಲಕ್ಷ ಕೋಟಿ ಡಾಲರ್‌ಗಳಷ್ಟು ಹೆಚ್ಚುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜಿಸಿತು. ಸೆನೆಟ್‌ನ ರಿಪಬ್ಲಿಕನ್ ನಾಯಕರು ಹೋಲಿಕೆಯ ತಳವನ್ನೇ ಬದಲಿಸಿದರು. ಹಳೆಯ ಕಡಿತಗಳು ಹೇಗೂ ಮುಂದುವರಿಯುತ್ತಿದ್ದವು ಎಂದು ಭಾವಿಸಿಕೊಂಡರೆ ಅವುಗಳ ವಿಸ್ತರಣೆಗೆ ವೆಚ್ಚವೇ ಇಲ್ಲ ಎಂಬುದು ಅವರ ವಾದ. ಆ ತಳದಿಂದ ಅಳೆದಾಗ ಅದೇ ಮಸೂದೆ ಕೊರತೆಯನ್ನು ಕಡಿಮೆ ಮಾಡುವಂತೆ ಕಂಡಿತು. ಲಕ್ಷ ಕೋಟಿಗಳ ಲೆಕ್ಕದಲ್ಲಿ ಕೂಡುವುದು ಕಳೆಯುವುದಾಗಿ ಬದಲಾಯಿತು, ಮಸೂದೆಯ ಒಂದಕ್ಷರವೂ ಬದಲಾಗದೆ. ದೂರದರ್ಶನದ ಚರ್ಚೆಯಲ್ಲಿ ಒಬ್ಬರು ಒಂದು ಅಂಕಿ ಹೇಳಿ, ಇನ್ನೊಬ್ಬರು ಇನ್ನೊಂದು ಹೇಳಿ, ನಿರೂಪಕರು ‘ಈ ಬಗ್ಗೆ ಭಿನ್ನಾಭಿಪ್ರಾಯವಿದೆ’ ಎಂದು ಮುಗಿಸಿದರೆ ವೀಕ್ಷಕರಿಗೆ ಅನ್ಯಾಯವಾಗುತ್ತದೆ. ಇಲ್ಲಿ ಭಿನ್ನವಾಗಿದ್ದದ್ದು ಅಳತೆ ಶುರುವಾದ ಜಾಗ. ಅದನ್ನು ಎರಡು ವಾಕ್ಯದಲ್ಲಿ ವಿವರಿಸಬಹುದು, ವಿವರಿಸಲೇಬೇಕು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ದರ ಇಳಿಸಿದರೆ ವರಮಾನ ಹೆಚ್ಚುತ್ತದೆ ಎಂಬ ವಾದಕ್ಕೆ ‘ಲಾಫರ್ ರೇಖೆ’ ಎಂಬ ಹೆಸರು ಅಂಟಿಕೊಂಡಿದೆ. 1974ರಲ್ಲಿ ವಾಷಿಂಗ್ಟನ್‌ನ ಹೋಟೆಲೊಂದರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲಾಫರ್ ಅವರು ಶ್ವೇತಭವನದ ಅಧಿಕಾರಿಗಳಾಗಿದ್ದ ಡೊನಾಲ್ಡ್ ರಮ್ಸ್‌ಫೆಲ್ಡ್, ಡಿಕ್ ಚೇನಿ ಮತ್ತು ಪತ್ರಕರ್ತ ಜೂಡ್ ವಾನಿಸ್ಕಿ ಅವರ ಜೊತೆ ಊಟಕ್ಕೆ ಕುಳಿತಾಗ ಕೈ ಒರೆಸುವ ಬಟ್ಟೆಯ ಮೇಲೆ ಈ ರೇಖೆ ಬರೆದರು ಎಂಬ ಕಥೆ ಪ್ರಸಿದ್ಧ. ಈ ನಾಲ್ವರಲ್ಲಿ ನಮ್ಮ ಚರ್ಚೆಗೆ ಮುಖ್ಯರಾದವರು ವಾನಿಸ್ಕಿ. ಅವರು ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಸಂಪಾದಕೀಯ ಬರಹಗಾರರಾಗಿದ್ದರು. ರೇಖೆಗೆ ಲಾಫರ್ ಹೆಸರಿಟ್ಟು ಅದನ್ನು ದೇಶಕ್ಕೆ ಪರಿಚಯಿಸಿದ್ದು ಅವರೇ. ಲಾಫರ್ ಮಾತ್ರ ಇದು ತಮ್ಮ ಸ್ವಂತ ಶೋಧವಲ್ಲ, ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನ್ ಇದನ್ನು ಹೇಳಿದ್ದರು ಎಂದು ಬರೆದಿದ್ದಾರೆ. ಒಂದು ಹಳೆಯ ತರ್ಕ ರಾಜಕೀಯ ಘೋಷಣೆಯಾಗಿದ್ದು ಪತ್ರಿಕೋದ್ಯಮದ ಮೂಲಕ ಎಂಬುದನ್ನು ಮರೆಯಬಾರದು.

ತರ್ಕ ಸರಿಯಾಗಿಯೇ ಇದೆ. ತೆರಿಗೆ ಶೂನ್ಯವಾದರೆ ವರಮಾನ ಶೂನ್ಯ. ತೆರಿಗೆ ಶೇ 100 ಆದರೆ ಯಾರೂ ದುಡಿಯುವುದಿಲ್ಲ ಅಥವಾ ದುಡಿದದ್ದನ್ನು ತೋರಿಸುವುದಿಲ್ಲ, ಆಗಲೂ ವರಮಾನ ಶೂನ್ಯ. ನಡುವೆ ಎಲ್ಲೋ ಒಂದು ಶಿಖರವಿದೆ. ದೇಶ ಆ ಶಿಖರದ ಯಾವ ಬದಿಯಲ್ಲಿ ನಿಂತಿದೆ ಎಂಬುದರ ಮೇಲೆ ಉತ್ತರ ನಿಂತಿದೆ. 1973–74ರಲ್ಲಿ ಭಾರತದ ಗರಿಷ್ಠ ಆದಾಯ ತೆರಿಗೆ ದರ ಸರ್ಚಾರ್ಜ್ ಸೇರಿ ಶೇ 97.75 ಇತ್ತು. ಮೇಲಿನ ಹಂತದಲ್ಲಿ ಗಳಿಸಿದ ನೂರು ರೂಪಾಯಿಯಲ್ಲಿ ಕೈಗೆ ಉಳಿಯುತ್ತಿದ್ದದ್ದು ಎರಡೂಕಾಲು ರೂಪಾಯಿ. ಅಂಥ ದರವನ್ನು ಇಳಿಸುವುದಕ್ಕೆ ಯಾವ ಪಂಥದ ಅರ್ಥಶಾಸ್ತ್ರಜ್ಞರೂ ಅಡ್ಡಿ ಹೇಳಲಾರರು. ಅಮೆರಿಕ 1964ರಲ್ಲಿ ಶೇ 91ರಿಂದ ಇಳಿಸತೊಡಗಿದಾಗಲೂ ಪರಿಸ್ಥಿತಿ ಅದೇ. ಶೇ 35 ಅಥವಾ ಶೇ 40ರ ಆಸುಪಾಸಿನ ದರವನ್ನು ಇಳಿಸುವಾಗ ಆ ಹಳೆಯ ಉದಾಹರಣೆಗಳನ್ನು ತಂದು ನಿಲ್ಲಿಸುವುದು ಮಾತ್ರ ತಪ್ಪು. ಷಿಕಾಗೊ ವಿಶ್ವವಿದ್ಯಾಲಯ 2012ರಲ್ಲಿ ಅಮೆರಿಕದ ಹೆಸರಾಂತ ಅರ್ಥಶಾಸ್ತ್ರಜ್ಞರ ಮಂಡಳಿಯೊಂದಕ್ಕೆ ಇದೇ ಪ್ರಶ್ನೆ ಕೇಳಿತ್ತು: ಈಗ ಆದಾಯ ತೆರಿಗೆ ದರ ಇಳಿಸಿದರೆ ಐದು ವರ್ಷಗಳಲ್ಲಿ ವರಮಾನ ಕಡಿತ ಮಾಡದಿದ್ದರೆ ಬರುತ್ತಿದ್ದುದಕ್ಕಿಂತ ಹೆಚ್ಚಾಗುತ್ತದೆಯೇ? ಎಡ ಬಲ ಎರಡೂ ಒಲವಿನವರಿದ್ದ ಆ ಮಂಡಳಿಯಲ್ಲಿ ಒಬ್ಬರೂ ಹೌದು ಎನ್ನಲಿಲ್ಲ.

ಹಾಗೆಂದು ಕಡಿತದಿಂದ ಏನೂ ಮರಳಿ ಬರುವುದಿಲ್ಲ ಎಂದಲ್ಲ. 2017ರ ಕಾಯ್ದೆಯಿಂದ ಹತ್ತು ವರ್ಷಗಳಲ್ಲಿ ಸುಮಾರು 1.5 ಲಕ್ಷ ಕೋಟಿ ಡಾಲರ್ ವರಮಾನ ಕೈತಪ್ಪುತ್ತದೆ ಎಂದು ಸಂಸತ್ತಿನ ಜಂಟಿ ತೆರಿಗೆ ಸಮಿತಿ ಲೆಕ್ಕ ಹಾಕಿತ್ತು. ಬೆಳವಣಿಗೆಯಿಂದ ಬರುವ ಹೆಚ್ಚುವರಿ ವರಮಾನ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ನಷ್ಟ ಸುಮಾರು 1 ಲಕ್ಷ ಕೋಟಿ ಡಾಲರ್‌ಗೆ ಇಳಿಯಿತು. ಒಂದು ಭಾಗ ಮರಳಿ ಬರುತ್ತದೆ, ದೊಡ್ಡ ಭಾಗ ಬರುವುದಿಲ್ಲ. ಪರದೆಯ ಎರಡು ಬದಿಗೆ ಇಬ್ಬರನ್ನು ಕೂರಿಸಿ, ಒಬ್ಬರಿಂದ ‘ಪೂರ್ತಿ ಬರುತ್ತದೆ’, ಇನ್ನೊಬ್ಬರಿಂದ ‘ಏನೂ ಬರುವುದಿಲ್ಲ’ ಎಂದು ಹೇಳಿಸುವ ಚರ್ಚೆಯಲ್ಲಿ ತಜ್ಞರ ಬಹುಮತ ನಿಂತಿರುವ ಈ ಜಾಗಕ್ಕೆ ಕುರ್ಚಿಯೇ ಇರುವುದಿಲ್ಲ.

ಭಾರತದಲ್ಲಿ ಈ ವಾದ ಹೆಚ್ಚಾಗಿ 2019ರ ಕಂಪನಿ ತೆರಿಗೆ ಕಡಿತದ ಸುತ್ತ ನಡೆಯುತ್ತದೆ. ಆ ವರ್ಷದ ಸೆಪ್ಟೆಂಬರ್ 20ರಂದು ಸುಗ್ರೀವಾಜ್ಞೆಯ ಮೂಲಕ, ವಿನಾಯಿತಿಗಳನ್ನು ಬಿಟ್ಟುಕೊಡುವ ದೇಶೀಯ ಕಂಪನಿಗಳ ತೆರಿಗೆಯನ್ನು ಶೇ 22ಕ್ಕೆ, ಹೊಸ ತಯಾರಿಕಾ ಕಂಪನಿಗಳ ತೆರಿಗೆಯನ್ನು ಶೇ 15ಕ್ಕೆ ಇಳಿಸಲಾಯಿತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಟ್ಟುಕೊಟ್ಟಂತಾಗುತ್ತದೆ ಎಂದು ಸರ್ಕಾರವೇ ಹೇಳಿತು. 2018–19ರಲ್ಲಿ 6.63 ಲಕ್ಷ ಕೋಟಿ ಇದ್ದ ಕಂಪನಿ ತೆರಿಗೆ ಸಂಗ್ರಹ ಮರುವರ್ಷ 5.57 ಲಕ್ಷ ಕೋಟಿಗೆ ಕುಸಿಯಿತು. ವಿರೋಧಿಗಳು ತೋರಿಸುವುದು ಈ ಅಂಕಿಯನ್ನು. 2021–22ರಲ್ಲಿ ಅದು 7.12 ಲಕ್ಷ ಕೋಟಿಗೆ, 2023–24ರಲ್ಲಿ 9.11 ಲಕ್ಷ ಕೋಟಿಗೆ ಏರಿತು. ಬೆಂಬಲಿಗರು ತೋರಿಸುವುದು ಇದನ್ನು. ನಡುವೆ ಬಂದು ಹೋದ ಕೋವಿಡ್ ಇಬ್ಬರ ಲೆಕ್ಕವನ್ನೂ ಕಲಕಿದೆ. ಬೆಲೆ ಏರುತ್ತ, ಆರ್ಥಿಕತೆ ಬೆಳೆಯುತ್ತ ಹೋಗುವ ದೇಶದಲ್ಲಿ ಐದು ವರ್ಷದ ನಂತರ ಯಾವ ತೆರಿಗೆಯ ಸಂಗ್ರಹವೂ ರೂಪಾಯಿ ಲೆಕ್ಕದಲ್ಲಿ ಹೆಚ್ಚೇ ಇರುತ್ತದೆ. ಆದ್ದರಿಂದ ಒಟ್ಟು ದೇಶೀಯ ಉತ್ಪನ್ನದ ಪಾಲಾಗಿ ಅಳೆಯಬೇಕು. ಹಾಗೆ ಅಳೆದರೆ 2018–19ರಲ್ಲಿ ಸುಮಾರು ಶೇ 3.5 ಇದ್ದದ್ದು 2023–24ರಲ್ಲಿ ಶೇ 3ರ ಆಸುಪಾಸಿನಲ್ಲಿದೆ. ‘ದಾಖಲೆಯ ತೆರಿಗೆ ಸಂಗ್ರಹ’ ಎಂಬ ತಲೆಬರಹ ಕಂಡಾಗಲೆಲ್ಲ ಈ ಭಾಗಾಕಾರ ನೆನಪಾಗಲಿ. ಬಹುತೇಕ ಪ್ರತಿ ವರ್ಷವೂ ದಾಖಲೆಯ ವರ್ಷವೇ ಆಗಿರುತ್ತದೆ.

ಅದೇ ಸೆಪ್ಟೆಂಬರ್ 20ರಂದು ಸೆನ್ಸೆಕ್ಸ್ 1,900ಕ್ಕೂ ಹೆಚ್ಚು ಅಂಶ ಜಿಗಿಯಿತು, ಸಂಜೆಯ ಸುದ್ದಿಯಲ್ಲಿ ಆ ಜಿಗಿತವೇ ನೀತಿಯ ಮೇಲಿನ ತೀರ್ಪಿನಂತೆ ಮೂಡಿಬಂತು. ಷೇರುಪೇಟೆ ತಪ್ಪಾಗಿ ವರ್ತಿಸಲಿಲ್ಲ. ಕಂಪನಿಯ ತೆರಿಗೆ ಇಳಿದರೆ ಷೇರುದಾರರ ಲಾಭ ಹೆಚ್ಚುತ್ತದೆ, ಬೆಲೆ ಏರಲೇಬೇಕು. ಆದರೆ ಹೂಡಿಕೆ, ಉದ್ಯೋಗ ಹೆಚ್ಚಿಸುವುದು ಕಡಿತದ ಘೋಷಿತ ಉದ್ದೇಶವಾಗಿತ್ತು, ಅದರ ಬಗ್ಗೆ ಆ ಮಧ್ಯಾಹ್ನದ ಸೂಚ್ಯಂಕಕ್ಕೆ ಏನೂ ಗೊತ್ತಿರಲು ಸಾಧ್ಯವಿರಲಿಲ್ಲ.

ಬ್ರಿಟನ್‌ನಲ್ಲಿ ಮಾರುಕಟ್ಟೆ ತಿರುಗಿ ಬಿದ್ದ ಪ್ರಸಂಗವೂ ಇದೆ. 2022ರ ಸೆಪ್ಟೆಂಬರ್ 23ರಂದು ಲಿಜ್ ಟ್ರಸ್ ಸರ್ಕಾರದ ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಸುಮಾರು 4,500 ಕೋಟಿ ಪೌಂಡ್‌ಗಳ ತೆರಿಗೆ ಕಡಿತ ಪ್ರಕಟಿಸಿದರು. 1.5 ಲಕ್ಷ ಪೌಂಡ್ ಮೀರಿದ ಆದಾಯದ ಮೇಲಿನ ಶೇ 45ರ ದರವನ್ನು ರದ್ದು ಮಾಡುವುದೂ ಅದರಲ್ಲಿತ್ತು. ಸ್ವತಂತ್ರ ಬಜೆಟ್ ಹೊಣೆಗಾರಿಕೆ ಕಚೇರಿಯ ಮುನ್ನಂದಾಜು ಇಲ್ಲದೆಯೇ ಈ ಘೋಷಣೆ ಹೊರಬಿತ್ತು. ಕೊನೆಗೂ ಒಂದು ನಿಜವಾದ ಟೋರಿ (ಕನ್ಸರ್ವೇಟಿವ್ ಪಕ್ಷದ) ಬಜೆಟ್ ಬಂತು ಎಂದು ಮರುದಿನದ ‘ಡೇಲಿ ಮೇಲ್’ ಮುಖಪುಟದಲ್ಲಿ ಸಂಭ್ರಮಿಸಿತು. ಸೋಮವಾರ ಪೌಂಡ್ ಡಾಲರ್ ಎದುರು ದಾಖಲೆಯ ಕೆಳಮಟ್ಟ ಮುಟ್ಟಿತು. ಬುಧವಾರ ಪಿಂಚಣಿ ನಿಧಿಗಳು ಕುಸಿಯದಂತೆ ತಡೆಯಲು ಬ್ಯಾಂಕ್ ಆಫ್ ಇಂಗ್ಲೆಂಡ್ ಸರ್ಕಾರಿ ಬಾಂಡ್‌ಗಳ ಖರೀದಿಗೆ ಇಳಿಯಿತು. ಅಕ್ಟೋಬರ್ 14ಕ್ಕೆ ಕ್ವಾರ್ಟೆಂಗ್ ಹುದ್ದೆ ಹೋಯಿತು, 20ಕ್ಕೆ ಟ್ರಸ್ ರಾಜೀನಾಮೆ ಪ್ರಕಟಿಸಿದರು. ಅಂದಿನ ಮುಖಪುಟಗಳನ್ನು ಈಗ ತಿರುವಿದರೆ, ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಜೋರಾಗಿ ಕೇಳಿದವರು ಎಷ್ಟು ಕಡಿಮೆ ಎಂಬುದು ಕಾಣುತ್ತದೆ. ಮುನ್ನಂದಾಜು ಇಲ್ಲದಿರುವುದೇ ಅಂದಿನ ದೊಡ್ಡ ಸುದ್ದಿಯಾಗಬೇಕಿತ್ತು. ಇಷ್ಟು ಬೇಗ ಉತ್ತರ ಸಿಗುವುದು ಅಪರೂಪ. ಬಹಳ ಕಡೆ ಸಾಲ ಸದ್ದಿಲ್ಲದೆ ಬೆಳೆಯುತ್ತದೆ, ಬಡ್ಡಿ ಮುಂದಿನ ಸರ್ಕಾರದ ಬಜೆಟ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ.

ಸುದ್ದಿಮನೆಗಳು ಎಡವುವುದು ಎರಡೂ ಬದಿಗೆ ಎಂಬುದಕ್ಕೆ ಅಮೆರಿಕದ 2017ರ ಕಾಯ್ದೆಯ ವರದಿಗಳೇ ಸಾಕ್ಷಿ. ಮಸೂದೆ ಪಾಸಾದ ಕೂಡಲೇ ಎಟಿ ಆ್ಯಂಡ್ ಟಿ ಕಂಪನಿ ತನ್ನ 2 ಲಕ್ಷಕ್ಕೂ ಹೆಚ್ಚು ನೌಕರರಿಗೆ ತಲಾ 1,000 ಡಾಲರ್ ಬೋನಸ್ ಪ್ರಕಟಿಸಿತು, ಇತರ ಕಂಪನಿಗಳೂ ಹಿಂಬಾಲಿಸಿದವು. ವಾರಗಟ್ಟಲೆ ಈ ಬೋನಸ್‌ಗಳ ಪಟ್ಟಿಯೇ ಸುದ್ದಿಯಾಯಿತು. ಬೋನಸ್ ಒಂದು ಸಲ ಬರುವ ಹಣ. ಕುಟುಂಬದ ಸರಾಸರಿ ವಾರ್ಷಿಕ ಆದಾಯ ಕನಿಷ್ಠ 4,000 ಡಾಲರ್ ಹೆಚ್ಚುತ್ತದೆ ಎಂದು ಶ್ವೇತಭವನದ ಆರ್ಥಿಕ ಸಲಹೆಗಾರರು ಹೇಳಿದ್ದರು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು ಸಣ್ಣ ಲೆಕ್ಕವನ್ನು ಹೆಚ್ಚಿನವರು ಕೈಬಿಟ್ಟರು. ಈ ವೆಚ್ಚವನ್ನು 2017ರ ಖಾತೆಗೆ ಹಾಕಿದರೆ ಶೇ 35ರ ದರದಲ್ಲಿ, 2018ಕ್ಕೆ ಹಾಕಿದರೆ ಶೇ 21ರ ದರದಲ್ಲಿ ತೆರಿಗೆ ಉಳಿಯುತ್ತದೆ. ಅಂದರೆ ಪ್ರತಿ 1,000 ಡಾಲರ್‌ಗೆ 140 ಡಾಲರ್ ವ್ಯತ್ಯಾಸ. ವರ್ಷದ ಕೊನೆಯ ದಿನಗಳಲ್ಲಿ ಬೋನಸ್ ಘೋಷಿಸಲು ಔದಾರ್ಯದ ಹೊರತಾಗಿಯೂ ಕಾರಣವಿತ್ತು. ಮರುವರ್ಷ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಕಂಪನಿಗಳು ತಮ್ಮದೇ ಷೇರುಗಳ ಮರುಖರೀದಿಗೆ, ಅಂದರೆ ಷೇರುದಾರರ ಕೈಗೆ, 80,000 ಕೋಟಿ ಡಾಲರ್‌ಗೂ ಹೆಚ್ಚು ಸುರಿದವು.

2019ರ ಫೆಬ್ರುವರಿಯಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ತೆರಿಗೆ ಮರುಪಾವತಿಯ ಮೊದಲ ವಾರದ ಅಂಕಿ ಹೊರಬಂದಾಗ ಸರಾಸರಿ ಮೊತ್ತ ಹಿಂದಿನ ವರ್ಷಕ್ಕಿಂತ ಸುಮಾರು ಶೇ 8ರಷ್ಟು ಕಡಿಮೆಯಿತ್ತು. ಜನ ಮೋಸಹೋದರು ಎಂಬ ಧಾಟಿಯ ವರದಿಗಳು ಬಂದವು. ಮರುಪಾವತಿ ಎಂದರೆ ವರ್ಷವಿಡೀ ಸಂಬಳದಿಂದ ಹೆಚ್ಚಾಗಿ ಮುರಿದುಕೊಂಡ ಹಣ ವಾಪಸ್ ಬರುವುದು. ಪ್ರತಿ ತಿಂಗಳ ಮುರಿತ ಕಡಿಮೆಯಾದ್ದರಿಂದ ಕೈಗೆ ಬರುವ ಸಂಬಳ ಆಗಲೇ ತುಸು ಹೆಚ್ಚಿತ್ತು, ಕೊನೆಯಲ್ಲಿ ಮರಳಬೇಕಾದದ್ದು ತುಸು ತಗ್ಗಿತ್ತು. ಸುಮಾರು ಶೇ 65ರಷ್ಟು ಕುಟುಂಬಗಳ ತೆರಿಗೆ ಇಳಿಯುತ್ತದೆ ಎಂದು ಸ್ವತಂತ್ರ ಸಂಸ್ಥೆಯಾದ ಟ್ಯಾಕ್ಸ್ ಪಾಲಿಸಿ ಸೆಂಟರ್ ಅಂದಾಜಿಸಿತ್ತು. ಆದರೂ ತಮ್ಮ ತೆರಿಗೆ ಇಳಿದಿದೆ ಎಂದು ನಂಬಿದವರು ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಕಡಿಮೆ. ಒಂದು ಕಾನೂನು ತನ್ನ ಜೇಬಿಗೆ ಏನು ಮಾಡಿತು ಎಂಬ ಸರಳ ಸಂಗತಿಯೂ ನಾಗರಿಕನಿಗೆ ಸರಿಯಾಗಿ ತಲುಪಿಲ್ಲ ಎಂದರೆ ಅದು ಪತ್ರಿಕೋದ್ಯಮದ ಸೋಲು. ಕಾನೂನನ್ನು ನೀವು ಇಷ್ಟಪಟ್ಟರೂ ಸರಿ, ಇಷ್ಟಪಡದಿದ್ದರೂ ಸರಿ.

ಗೊತ್ತಿದ್ದೂ ಹೇಳದೆ ಇರುವ ಸಮಸ್ಯೆಯೂ ಉಂಟು. ರೊನಾಲ್ಡ್ ರೇಗನ್ 1981ರಲ್ಲಿ ಗರಿಷ್ಠ ದರವನ್ನು ಶೇ 70ರಿಂದ ಶೇ 50ಕ್ಕೆ ಇಳಿಸಿದ ವರ್ಷ, ಅವರ ಬಜೆಟ್ ನಿರ್ದೇಶಕ ಡೇವಿಡ್ ಸ್ಟಾಕ್‌ಮನ್ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಹಿರಿಯ ಸಂಪಾದಕ ವಿಲಿಯಂ ಗ್ರೈಡರ್ ಅವರ ಜೊತೆ ಆಗಾಗ ಕುಳಿತು ಮನಬಿಚ್ಚಿ ಮಾತನಾಡುತ್ತಿದ್ದರು, ತಕ್ಷಣ ಹೆಸರು ಹಾಕಿ ಪ್ರಕಟಿಸಬಾರದು ಎಂಬ ಕರಾರಿನ ಮೇಲೆ. ಅದೆಲ್ಲ ‘ಅಟ್ಲಾಂಟಿಕ್’ ಮಾಸಿಕದ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚಾದಾಗ ಕೋಲಾಹಲವಾಯಿತು. ಲೆಕ್ಕಗಳ ಮೇಲೆ ಸ್ಟಾಕ್‌ಮನ್‌ಗೇ ಭರವಸೆಯಿರಲಿಲ್ಲ. ಎಲ್ಲ ಆದಾಯದವರಿಗೂ ಕಡಿತ ಎಂಬುದು ಗರಿಷ್ಠ ದರ ಇಳಿಸಲು ಹೂಡಿದ ಉಪಾಯ ಎಂದೂ ಅವರು ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ಮಸೂದೆ ಕಾಯ್ದೆಯಾಗಿ ಮೂರು ತಿಂಗಳಾಗುತ್ತ ಬಂದಿತ್ತು. ಕೊರತೆ ಹಿಗ್ಗಿದ್ದರಿಂದ ಮರುವರ್ಷವೇ ರೇಗನ್ ತೆರಿಗೆ ಏರಿಸುವ ಮಸೂದೆಗೂ ಸಹಿ ಹಾಕಬೇಕಾಯಿತು. ರೇಗನ್ ಎಂದರೆ ತೆರಿಗೆ ಕಡಿತ ಎಂದು ನೆನಪಿಟ್ಟುಕೊಂಡವರಲ್ಲಿ 1982ರ ಈ ಏರಿಕೆ ಗೊತ್ತಿರುವವರು ಎಷ್ಟು ಮಂದಿ?

ಸಾಲ ಮಾಡಲು ಆಸ್ಪದವಿಲ್ಲದ ಕಡೆ ಫಲಿತಾಂಶ ಬೇಗ ಬಯಲಾಗುತ್ತದೆ. ಅಮೆರಿಕದ ಕ್ಯಾನ್ಸಸ್ ರಾಜ್ಯ 2012ರಲ್ಲಿ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 6.45ರಿಂದ ಶೇ 4.9ಕ್ಕೆ ಇಳಿಸಿತು, ಪಾಲುದಾರಿಕೆಯಂಥ ವ್ಯವಹಾರಗಳಿಂದ ಮಾಲೀಕರಿಗೆ ಬರುವ ಲಾಭಕ್ಕೆ ಪೂರ್ತಿ ವಿನಾಯಿತಿ ಕೊಟ್ಟಿತು. ರಾಜ್ಯದ ಆರ್ಥಿಕತೆಯ ಎದೆಗೆ ಹೊಸ ಚೈತನ್ಯದ ಚುಚ್ಚುಮದ್ದು ಎಂದು ರಾಜ್ಯದ ಚುನಾಯಿತ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಬಣ್ಣಿಸಿದರು. ವರಮಾನ ಕುಸಿಯಿತು, ಸಾಲದ ಶ್ರೇಯಾಂಕ ಇಳಿಯಿತು, ಶಾಲೆ ಮತ್ತು ರಸ್ತೆಗಳ ಹಣಕ್ಕೆ ಕತ್ತರಿ ಬಿತ್ತು. 2017ರ ಜೂನ್‌ನಲ್ಲಿ ಅವರದೇ ಪಕ್ಷದ ಬಹುಮತವಿದ್ದ ಶಾಸನಸಭೆ ಅವರ ವಿಟೊವನ್ನು ಮೀರಿ ಕಡಿತದ ಬಹುಭಾಗವನ್ನು ಹಿಂತೆಗೆದುಕೊಂಡಿತು. ಬಜೆಟ್ ಸರಿದೂಗಿಸಲೇಬೇಕಾದ ರಾಜ್ಯದಲ್ಲಿ ಕಡಿತದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಶಾಲೆಯ ಬಾಗಿಲಲ್ಲೇ ಕಂಡಿತು. ಸಾಲ ಮಾಡಬಲ್ಲ ರಾಷ್ಟ್ರ ಸರ್ಕಾರದ ವಿಷಯದಲ್ಲೂ ಆ ಬೆಲೆ ಇದ್ದೇ ಇರುತ್ತದೆ, ವಿಳಾಸ ಮಾತ್ರ ಗೊತ್ತಿರುವುದಿಲ್ಲ. ಯಾರಿಗೆ ಎಷ್ಟು ಲಾಭ ಎಂದು ತೋರಿಸುವ ಕೋಷ್ಟಕಗಳಲ್ಲಿ ಅದನ್ನು ತುಂಬಿಕೊಡುವವರ ಕಾಲಂ ಇರುವುದಿಲ್ಲ. ಭಾರತದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಆದಾಯ ತೆರಿಗೆ, ಕಂಪನಿ ತೆರಿಗೆಗಳ ಹಂಚಿಕೆಯ ಮೊತ್ತದಲ್ಲಿ ಶೇ 41 ರಾಜ್ಯಗಳ ಪಾಲು. ಕೇಂದ್ರ ಈ ತೆರಿಗೆಗಳನ್ನು ಇಳಿಸಿದಾಗ ರಾಜ್ಯಗಳ ಕೈಗೆ ಬರುವುದೂ ಇಳಿಯುತ್ತದೆ. ಸೆಸ್ ಮತ್ತು ಸರ್ಚಾರ್ಜ್ ಆ ಹಂಚಿಕೆಯಿಂದ ಹೊರಗಿವೆ. ಯಾವ ತೆರಿಗೆಯನ್ನು ಇಳಿಸಿದರು ಎಂಬುದನ್ನು ವರದಿ ಮಾಡುವಾಗ ಅದು ಯಾರ ಪಾತ್ರೆಯಿಂದ ಹೋಯಿತು ಎಂಬುದನ್ನೂ ಬರೆಯಬೇಕು.

ಈಗ ಪಕ್ಷಪಾತದ ಮಾತು. ಮಾಲೀಕರ ಹಿತಾಸಕ್ತಿ, ಸರ್ಕಾರಿ ಜಾಹೀರಾತಿನ ಹಂಗು ಇವೆಲ್ಲ ಇವೆ. ಆದರೆ ಎಲ್ಲ ಪಕ್ಷಗಳ ಪತ್ರಿಕೆಗಳಲ್ಲೂ ಸಮಾನವಾಗಿರುವ ಒಂದು ವಾಲುವಿಕೆ ನನಗೆ ಹೆಚ್ಚು ಕಳವಳ ತರುತ್ತದೆ. ಸುದ್ದಿ ಬರೆಯುವವರು, ಓದುವವರು, ಜಾಹೀರಾತುದಾರರು ಬಯಸುವ ಗ್ರಾಹಕರು ಬಹುತೇಕ ಆದಾಯ ತೆರಿಗೆ ಕಟ್ಟುವವರು. ಭಾರತದಲ್ಲಿ 2024ರ ಜುಲೈ 31ರ ಗಡುವಿನೊಳಗೆ ಸಲ್ಲಿಕೆಯಾದ ಆದಾಯ ತೆರಿಗೆ ವಿವರಗಳು 7.28 ಕೋಟಿ, ಜನಸಂಖ್ಯೆ 140 ಕೋಟಿಗೂ ಹೆಚ್ಚು. ಸಲ್ಲಿಸಿದವರಲ್ಲೂ ದೊಡ್ಡ ಭಾಗದವರ ತೆರಿಗೆ ಶೂನ್ಯ. ಆದರೂ ಬಜೆಟ್ ದಿನ ಆದಾಯ ತೆರಿಗೆಯ ಹಂತಗಳಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ಕೂಲಿ ಮಾಡುವವರೂ ಪ್ರತಿ ಖರೀದಿಯಲ್ಲಿ ಕಟ್ಟುವ ಪರೋಕ್ಷ ತೆರಿಗೆಯ ಒಟ್ಟು ಹೊರೆ ಯಾರ ಮೇಲೆ ಎಷ್ಟು ಎಂಬ ಚರ್ಚೆಗೆ ಅಷ್ಟು ಜಾಗ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಇದು ಯಾರದೋ ಸಂಚಲ್ಲ. ತನಗೆ ಸಂಬಂಧಿಸಿದ್ದೇ ಎಲ್ಲರಿಗೂ ಸಂಬಂಧಿಸಿದ್ದು ಎಂದು ಭಾವಿಸುವ ಅಭ್ಯಾಸ, ಮತ್ತು ಅದನ್ನು ಬಿಡಿಸುವುದು ಸಂಚನ್ನು ಬಯಲು ಮಾಡುವುದಕ್ಕಿಂತ ಕಷ್ಟ.

ನೀವು ಏನು ಮಾಡಬಹುದು? ಘೋಷಣೆಯ ದಿನ ತೀರ್ಮಾನಕ್ಕೆ ಬರಬೇಡಿ, ಒಂದೆರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ: ಎಷ್ಟು ವರಮಾನ ಬಿಟ್ಟುಕೊಡಲಾಗಿದೆ, ಎಷ್ಟು ವರ್ಷಗಳಲ್ಲಿ, ಯಾವುದಕ್ಕೆ ಹೋಲಿಸಿ, ಬದಲಿಗೆ ಏನಾಗುತ್ತದೆ ಎಂದು ಸರ್ಕಾರ ಮಾತು ಕೊಟ್ಟಿದೆ. ಅವಧಿ ಹೇಳದೆ ‘ಇಷ್ಟು ಲಕ್ಷ ಕೋಟಿ’ ಎಂದು ಬರೆದ ವರದಿಯನ್ನು ಪಕ್ಕಕ್ಕಿಡಿ; ವರ್ಷಕ್ಕೋ ಹತ್ತು ವರ್ಷಕ್ಕೋ ಗೊತ್ತಿಲ್ಲದ ಮೊತ್ತದಿಂದ ಏನನ್ನೂ ಅಳೆಯಲಾಗದು. ಅಮೆರಿಕಕ್ಕೆ ಸಂಸತ್ತಿನ ಬಜೆಟ್ ಕಚೇರಿ, ಬ್ರಿಟನ್‌ಗೆ ಬಜೆಟ್ ಹೊಣೆಗಾರಿಕೆ ಕಚೇರಿ ಇವೆ. ಅವುಗಳ ವರದಿಯ ಮೊದಲ ಎರಡು ಪುಟ ಸಾಮಾನ್ಯ ಓದುಗರಿಗೂ ಅರ್ಥವಾಗುತ್ತವೆ. ಭಾರತದಲ್ಲಿ ಅಂಥ ಸ್ವತಂತ್ರ ಸಂಸ್ಥೆ ಇಲ್ಲ, ಇರಬೇಕೆಂಬುದು ನನ್ನ ಬಲವಾದ ನಂಬಿಕೆ. ಸದ್ಯಕ್ಕೆ ಬಜೆಟ್ ದಾಖಲೆಗಳೇ ಗತಿ. ಅವುಗಳ ವರಮಾನದ ಕೋಷ್ಟಕದಲ್ಲಿ ನಾಲ್ಕು ಕಾಲಂಗಳಿರುತ್ತವೆ: ಹಿಂದಿನ ವರ್ಷದ ವಾಸ್ತವ ಸಂಗ್ರಹ, ಈ ವರ್ಷದ ಬಜೆಟ್ ಅಂದಾಜು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ವಾಹಿನಿಗಳು ಚರ್ಚಿಸುವುದು ಕೊನೆಯ ಕಾಲಂ ಬಗ್ಗೆ, ನಡೆದದ್ದು ಸಿಗುವುದು ಮೊದಲನೆಯದರಲ್ಲಿ. 2025ರ ಕಡಿತದಿಂದ ನೇರ ತೆರಿಗೆಯಲ್ಲಿ ಸುಮಾರು 1 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಟ್ಟ ಮೇಲೂ, 2025–26ರಲ್ಲಿ ಆದಾಯದ ಮೇಲಿನ ತೆರಿಗೆಯಿಂದ 14.38 ಲಕ್ಷ ಕೋಟಿ ಬರುತ್ತದೆ ಎಂದು ಆ ಬಜೆಟ್ ಅಂದಾಜಿಸಿತ್ತು. ಆ ವರ್ಷದ ವಾಸ್ತವ ಅಂಕಿ ಬಜೆಟ್ ದಾಖಲೆಯ ಮೊದಲ ಕಾಲಂಗೆ ಬರುವುದು 2027ರ ಫೆಬ್ರುವರಿಯಲ್ಲಿ. ಅಂದು ಹೊಸ ಘೋಷಣೆಗಳ ಗದ್ದಲದಲ್ಲಿ ಅದನ್ನು ಯಾರೂ ಓದಿ ಹೇಳಲಿಕ್ಕಿಲ್ಲ. ನೀವೇ ತೆರೆದು 14.38ರ ಪಕ್ಕದಲ್ಲಿಟ್ಟು ನೋಡಿ.